ಆರು ಹಲಗೆಗಳ ನಡುವಿನ ನಾಲ್ಕು ಮಿಲಿಮೀಟರ್

ಧಾರವಾಡ
ಶ್ರಾವಣ ೩೪, ಕೆರೆ ತುಂಬಿದ ನಲವತ್ತೊಂದನೆಯ ವರ್ಷ

ಮಾನ್ಯ ವಾಸಂತಿ ಕುಲಗೋಡ ಅವರಿಗೆ, ನೀಲಗಂಗಾ ಬಡಿಗೇರ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಮಳೆ ಉದ್ದವಾದ ಮೇಲೆ ನಮ್ಮ ಹಿರಿಯರು ಶ್ರಾವಣಕ್ಕೆ ನಲವತ್ತು ದಿನ ಕೊಟ್ಟು ಫಾಲ್ಗುಣದಿಂದ ಹತ್ತು ದಿನ ಕತ್ತರಿಸಿದರು. ನಿಮ್ಮ ಲೆಕ್ಕದಲ್ಲಿ ಇದು ಇಪ್ಪತ್ಮೂರನೆಯ ಶತಮಾನದ ಕೊನೆ ಇರಬೇಕು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದವರ ಪತ್ರಗಳನ್ನು ಓದಿ ಈ ಬರವಣಿಗೆ ಕಲಿತಿದ್ದೇನೆ, ಅವುಗಳಲ್ಲಿ ಮುಕ್ಕಾಲು ಪಾಲು ಕೆಲಸ ತಡವಾದದ್ದಕ್ಕೆ ಕ್ಷಮೆ ಕೇಳುವಂಥವೇ ಆಗಿದ್ದವು. ಹಳೆಯ ಕಡತವೊಂದನ್ನು ಬಳಸಿದವರು ಅದನ್ನು ಮಾಡಿದವರಿಗೆ ಒಂದು ಕಾಗದ ಬರೆಯಬೇಕೆಂಬುದು ನಮ್ಮೂರಿನ ಪದ್ಧತಿ. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಾನು ಬಳಸಿದ್ದು ನೀವು ಕಂಪ್ಯೂಟರಿನಲ್ಲಿ ಬಿಡಿಸಿಟ್ಟ ಬಾಗಿಲನ್ನು.

ನಮ್ಮ ಮನೆತನದ ಹೆಸರು ಬಡಿಗೇರ ಎಂದಿದ್ದರೂ ಐದು ತಲೆಮಾರಿನಿಂದ ಯಾರೂ ಮರ ಮುಟ್ಟಿಲ್ಲ. ನಾವಿರುವುದು ಅಚ್ಚುಮನೆಗಳಲ್ಲಿ, ಅಂದರೆ ಮಣ್ಣು, ಸುಣ್ಣ, ಹುಲ್ಲಿನ ಅಂಟು ಕಲಸಿ ಎರಕ ಹೊಯ್ದ ಮನೆಗಳಲ್ಲಿ. ಬಾಗಿಲೂ ಎರಕದ್ದೇ, ಒಂದೇ ತುಂಡು. ಕೆರೆಗಳು ತುಂಬುವುದಕ್ಕೆ ಮುಂಚೆ ಇಲ್ಲಿ ಧೂಳಿನ ವರ್ಷಗಳಿದ್ದವು. ಕೂದಲೆಳೆಯಷ್ಟು ಬಿರುಕಿನಿಂದ ನುಗ್ಗಿದ ಧೂಳಿಗೆ ಮನೆಮನೆಯಲ್ಲಿ ಜನ ಉಸಿರುಕಟ್ಟಿ ಸತ್ತರಂತೆ. ಹಾಗಾಗಿ ಯುಗಾದಿಯ ದಿನ ಪ್ರತಿ ಮನೆಯ ಹಿರಿಯಳು ಸಂದುಮೇಣದ ಉಂಡೆ ಹಿಡಿದು ಗೋಡೆಗೋಡೆ ಸವರಿ, ಸಿಕ್ಕ ಸಂದನ್ನೆಲ್ಲ ತುಂಬುತ್ತಾಳೆ. ಈ ಮೇಣ ಒಣಗಿದರೆ ಕಲ್ಲು. ಮದುವೆಯಲ್ಲಿ ನಮ್ಮವರು ಮಾಡುವ ಹಾರೈಕೆಯೂ ಅದೇ, ನಿನ್ನ ಮನೆಯಲ್ಲಿ ಸಂದಿಲ್ಲದಿರಲಿ ಎಂದು. ಇಂಥವರ ಕೈಗೆ "ಹಲಗೆ ಬಾಗಿಲು, ಸಂದು ಕಾಣುವಂತೆ" ಎಂಬ ಕಡತ ಸಿಕ್ಕರೆ ಏನಾಗಬೇಡ ಹೇಳಿ. ಇಡೀ ಓಣಿ ಮೂಗು ಮುರಿಯಿತು.

ಹೋದ ವರ್ಷ ಕೆಲಗೇರಿ ಕೆರೆಯ ದಂಡೆಯಲ್ಲಿದ್ದ ಹೊನ್ನೆಮರ ಗಾಳಿಗೆ ಬಿತ್ತು. ಸೀಳಿದಾಗ ಹನ್ನೆರಡು ಹಲಗೆಗಳಾದವು. ಹೆಸರಿಗಾದರೂ ಬಡಿಗೇರಳಲ್ಲವೇ ಎಂದು ಊರಸಭೆಯವರು ಅವನ್ನು ನನಗೇ ಕೊಟ್ಟರು. ನಾನು ಹಳೆಯ ಕಡತಗಳನ್ನು ಜಾಲಾಡಿ ನಿಮ್ಮದನ್ನು ಹಿಡಿದೆ.

ನಿಮ್ಮ ಸಾಫ್ಟ್‌ವೇರ್ ನಿಮ್ಮ ಪ್ರತಿ ಹೆಜ್ಜೆಯನ್ನೂ ಗಂಟೆ ನಿಮಿಷಗಳ ಸಮೇತ ಉಳಿಸಿಕೊಂಡಿದೆ. ಅದು ನಿಮಗೆ ಗೊತ್ತಿತ್ತೋ ಇಲ್ಲವೋ. ಮೊದಲು ನೀವು ಒಂದು ಅಖಂಡ ಫಲಕ ಮಾಡಿ, ಮೇಲೆ ಐದು ಗೆರೆ ಎಳೆದಿರಿ. ಅಲ್ಲಿಗೇ ಬಿಡಬಹುದಿತ್ತು, ಚಿತ್ರದಲ್ಲಿ ಅದು ಹಲಗೆಯ ಹಾಗೆಯೇ ಕಾಣುತ್ತದೆ. ನೀವು ಬಿಡಲಿಲ್ಲ. ಗೆರೆ ಅಳಿಸಿ, ಫಲಕವನ್ನು ಆರು ಬೇರೆ ಬೇರೆ ಹಲಗೆ ಮಾಡಿದಿರಿ. ನಡುವಿನ ಸಂದು ಮೂರು ಮಿಲಿಮೀಟರ್ ಇಟ್ಟು, ಐದಕ್ಕೆ ಹೋಗಿ, ನಾಲ್ಕಕ್ಕೆ ಬಂದಿರಿ. ಅಂಚುಗಳನ್ನು ತುಸು ಹೆರೆದು ಅಲ್ಲಿ ನೆರಳು ಬೀಳುವಂತೆ ಮಾಡಿದಿರಿ. ಆಮೇಲೆ ಸಮನಾಗಿದ್ದ ಹಲಗೆಗಳ ಅಗಲವನ್ನು ಒಂದು ಹೆಚ್ಚು ಒಂದು ಕಡಿಮೆ ಮಾಡಿದಿರಿ. ಇದೇಕೆ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ನನ್ನ ಹೊನ್ನೆಯ ಹಲಗೆಗಳನ್ನು ಸಾಲಾಗಿ ಒರಗಿಸಿದಾಗ ಉತ್ತರ ಎದುರಿಗೇ ಇತ್ತು. ಮರ ತನಗಿದ್ದಷ್ಟೇ ಅಗಲ ಕೊಡುತ್ತದೆ. ಅದನ್ನು ನಿಮಗೆ ಯಾರು ಹೇಳಿಕೊಟ್ಟರು? ನಿಮ್ಮ ಕಿಟಕಿಯಾಚೆ ಅಂಥ ಬಾಗಿಲೊಂದಿತ್ತೇ? ತಿಳಿದುಕೊಳ್ಳಬೇಕೆಂಬ ಆಸೆ ಇನ್ನೂ ಹೋಗಿಲ್ಲ.

ಇಷ್ಟೆಲ್ಲ ನೋಡಿಯೂ ನಾನು ತಪ್ಪಿದೆ. ಎರಕದವರಿಗೆ ಒಂದು ವಸ್ತುವಿನ ಮುಖ ಗೊತ್ತಾದರೆ ಸಾಕು, ಒಳಗೆಲ್ಲ ಒಂದೇ ಮಣ್ಣು. ಆದ್ದರಿಂದ ನಾವು ನಕ್ಷೆಯ ಮುಖವನ್ನು ಮಾತ್ರ ಓದುತ್ತೇವೆ. ನಾನೂ ಹಾಗೆಯೇ ಓದಿ, ಆರು ಹಲಗೆಗಳನ್ನು ನಾಲ್ಕು ಮಿಲಿಮೀಟರ್ ದೂರದಲ್ಲಿಟ್ಟು ಅಡ್ಡಪಟ್ಟಿಗೆ ಜಡಿದೆ. ಸಂದಿನಿಂದ ಬಿಸಿಲು ಒಳಗೆ ಬಿತ್ತು. ಆ ಬಾಗಿಲು ಕೂರಿಸಿದ್ದು ನಮ್ಮ ಸೋದರತ್ತೆ ಗುರವ್ವಳ ಕೋಣೆಗೆ. ಅವಳು ಓಣಿಯ ಸಂದುಗಳನ್ನೆಲ್ಲ ಪರೀಕ್ಷಿಸುವ ಹಿರಿಯಳು, ನನ್ನನ್ನು ಸಾಕಿದವಳು. ಬಿಸಿಲಿನ ಗೆರೆ ನೋಡಿ, "ಯವ್ವಾ ನೀಲಿ, ಚಲೋ ಮಾಡೀದಿ ಖರೆ, ಆದ್ರ ಇದು ಬಾಗಲಾ ಅಲ್ಲ, ಜರಡಿ" ಎಂದು ನಕ್ಕಳು. ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ನನಗೆ ಮುಖಭಂಗವಾಗದಿರಲೆಂದು, ಐದೂ ಸಂದುಗಳನ್ನು ಮೇಣದಿಂದ ನೀಟಾಗಿ ತುಂಬಿದಳು.

ಮಳೆ ಹಿಡಿಯಿತು. ಹಲಗೆಗಳು ನೀರು ಕುಡಿದು ಉಬ್ಬಿದವು. ಸಂದಿನಲ್ಲಿ ಮೇಣ ಕಲ್ಲಾಗಿ ಕೂತಿದ್ದರಿಂದ ಅವು ಚೌಕಟ್ಟನ್ನೇ ಒತ್ತಿ ಹಿಡಿದವು. ಅತ್ತೆ ಒಳಗಿದ್ದಳು. ನಮ್ಮ ಕೋಣೆಗಳಿಗೆ ತೆರೆಯುವ ಕಿಟಕಿ ಇರುವುದಿಲ್ಲ. ಒಂದೂವರೆ ದಿನ ಒಂದು ತಂಬಿಗೆ ನೀರಿನಲ್ಲಿ ಕಳೆದಳು. ಗಟ್ಟಿ ಹೊನ್ನೆಯನ್ನು ಇಂಚಿಂಚಾಗಿ ಕೊಯ್ದು ಕೊನೆಗೆ ಅವಳನ್ನು ಹೊರಗೆ ತಂದಾಗ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ಮರವನ್ನು ನಂಬಬಾರದು, ಉಳಿದ ಆರು ಹಲಗೆಗಳನ್ನು ಪುಡಿಮಾಡಿ ಎರಕಕ್ಕೆ ಸೇರಿಸಬೇಕು ಎಂದು ಊರಸಭೆ ಹೇಳಿತು. ನಾನು ಒಂದು ವರ್ಷದ ಗಡುವು ಬೇಡಿಕೊಂಡೆ.

ಮತ್ತೆ ನಿಮ್ಮ ಕಡತದ ಮುಂದೆ ಕೂತೆ. ಸಿಟ್ಟಿನಲ್ಲಿ, ಹಣ್ಣು ಹೆಚ್ಚಿದ ಹಾಗೆ, ನಿಮ್ಮ ಬಾಗಿಲನ್ನು ತೆರೆಯ ಮೇಲೆ ಅಡ್ಡಕ್ಕೆ ಕತ್ತರಿಸಿ ನೋಡಿದೆ. ಪ್ರತಿ ಹಲಗೆಯ ಅಂಚಿನಿಂದ ನಾಲಿಗೆಯಂಥ ತೆಳು ಪಟ್ಟಿಯೊಂದು ಹೊರಟು ಪಕ್ಕದ ಹಲಗೆಯ ತೋಡಿನಲ್ಲಿ ಸಡಿಲಾಗಿ ಕೂತಿತ್ತು. ಹೊರಗಿನಿಂದ ಸಂದು ಕಾಣುತ್ತದೆ, ಆದರೆ ಅದು ತೂತಲ್ಲ. ಧೂಳಿಗೆ ದಾರಿಯಿಲ್ಲ, ಹಲಗೆಗೆ ಉಬ್ಬಲು ಜಾಗವಿದೆ. ನಾನು ಅತ್ತೆಯನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಈ ಹೆಣ್ಣಮಗಳು ಒಳಗಿಂದೂ ವಿಚಾರ ಮಾಡ್ಯಾಳಲ್ಲ" ಎಂದಳು. ನಿಮ್ಮ ಬಗ್ಗೆ.

ಉಳಿದ ಆರು ಹಲಗೆಗಳಿಂದ ಎರಡನೆಯ ಬಾಗಿಲು ಮಾಡಿದೆ. ವೈಶಾಖದ ಗಾಳಿಗೆ ಅದರ ಹಿಂದೆ ಬಿಳಿ ಬಟ್ಟೆ ಹಾಸಿದ್ದೆವು. ಒಂದು ಕಣ ಧೂಳೂ ಬೀಳಲಿಲ್ಲ. ಮಳೆಯ ಪರೀಕ್ಷೆಗೆ ಖಾಲಿ ಕೋಣೆ ಸಾಕಿತ್ತು. ಅತ್ತೆ ಒಪ್ಪಲಿಲ್ಲ. "ನಾ ಮೇಣ ತುಂಬಿದ್ದಕ್ಕ ಮೊದಲಿಂದು ಹಾಳಾತು. ನಾನ ಒಳಗ ಕುಂದರತೀನಿ. ಬಾಗಲಾ ತಗದು ನಾ ಹೊರಗ ಬಂದ್ರ ಮಂದಿ ನಂಬ್ತಾರ" ಎಂದಳು. ಈ ಸಲ ಒಣರೊಟ್ಟಿ, ಅವಲಕ್ಕಿ, ಬೆಲ್ಲ, ನೀರು ಎಲ್ಲ ಒಳಗಿಟ್ಟಿದ್ದೇವೆ. ಆದರೆ ಅವಳಿಗೆ ಎಪ್ಪತ್ತೆಂಟು ವರ್ಷ. ಬಾಗಿಲು ಹಾಕಿ ಒಂಬತ್ತು ದಿನವಾಯಿತು, ಮಳೆ ಒಂದು ಗಳಿಗೆಯೂ ನಿಂತಿಲ್ಲ. ಸಂದುಗಳು ನಾಲ್ಕರಿಂದ ಒಂದು ಮಿಲಿಮೀಟರಿಗೆ ಬಂದಿವೆ. ನಾಳೆ ಬೆಳಿಗ್ಗೆ ಊರಸಭೆಯವರು ಬರುತ್ತಾರೆ. ಅತ್ತೆ ಒಳಗಿನಿಂದ ತಳ್ಳಬೇಕು.

ಇನ್ನು ಈ ಕಾಗದ ಬರೆಯಲು ಕೂತ ಕಾರಣ. ಕೆಲಸದ ಕೊನೆಯ ದಿನ, ಸಂಜೆ ಐದು ಹತ್ತಕ್ಕೆ, ನೀವು ಆ ನಾಲಿಗೆಗಳನ್ನೆಲ್ಲ ಅಳಿಸಿಬಿಟ್ಟಿದ್ದೀರಿ. ಕಡತ ಭಾರವಾಯಿತೆಂದು ಯಾರಾದರೂ ಗೊಣಗಿದರೋ, ನಿಮಗೇ ಸಾಕಾಯಿತೋ. ಮುಂದೆ ಹತ್ತೊಂಬತ್ತು ನಿಮಿಷ ಕಡತದಲ್ಲಿ ಏನೂ ಇಲ್ಲ. ಐದು ಇಪ್ಪತ್ತೊಂಬತ್ತಕ್ಕೆ ನಾಲಿಗೆಗಳು ಒಂದೊಂದಾಗಿ ಮರಳಿ ಬಂದಿವೆ. ಬಂದಿವೆ ಎಂಬುದು ನನಗೆ ಗೊತ್ತು. ಆದರೂ ಒಂಬತ್ತು ದಿನದಿಂದ ಈ ಬಾಗಿಲಿನ ಮುಂದೆ ಕೂತು ನಾನು ಯೋಚಿಸುತ್ತಿರುವುದು ಆ ಹೊತ್ತಿನ ಬಗ್ಗೆಯೇ. ನೀವು ಚಹಾ ಕುಡಿಯಲು ಎದ್ದಿರಬಹುದು. ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟಿರಲೂಬಹುದು.

ಈ ಕಾಗದವನ್ನು ಆ ಹತ್ತೊಂಬತ್ತು ನಿಮಿಷಕ್ಕೆ ಕಳಿಸುತ್ತಿದ್ದೇನೆ. ದಯವಿಟ್ಟು ತಿರುಗಿ ಬಂದು ಕೂತು ಅವನ್ನು ಮರಳಿ ಹಾಕಿ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ನಿಜ. ಒಳಗೆ ನಮ್ಮ ಅತ್ತೆ ಇದ್ದಾಳೆ.

ನಿಮ್ಮ,
ನೀಲಗಂಗಾ