ಪ್ರಾಂಪ್ಟರನ ಲಾಟೀನು

೩-೨-೧೯೫೮, ಸೋಮವಾರ. ಸಂಜೆ ಏಳು
ಇಂದೂ ಮೂರು ದೀಪ ಆರಿಸಿದೆ. ಹಜಾರ, ಅಡುಗೆಮನೆ, ಬಚ್ಚಲು. ಮಾತಿಲ್ಲದ ರಂಗಕ್ಕೆ ಬೆಳಕೇಕೆ? — ನಮ್ಮ ಹಳೆಯ ನಾಟಕ ಕಂಪನಿಯ ಯಜಮಾನರ ಆಜ್ಞೆ! ಮದರಾಸಿನ ವೆಸ್ಟ್ ಮಾಂಬಲಂನ ಈ ವಠಾರಕ್ಕೆಲ್ಲ ಒಂದೇ ಮೀಟರು. ಕೆಳಗಿನಿಂದ ಮನೆಯೊಡೆಯರು ತಮಿಳಿನಲ್ಲಿ "ಎನ್ನ ಸಾರ್, ದೀಪಾವಳಿಯಾ?" ಎಂದು ಕೂಗುವ ಮೊದಲೇ ಕತ್ತಲೆ ಮಾಡುವುದು ನನ್ನ ವ್ರತ.
ಬಚ್ಚಲಿನಿಂದ ನನ್ನ ಹೆಂಡತಿ ನಾಗಮಣಿ: "ರೀ, ನಾನಿನ್ನೂ ಒಳಗಿದ್ದೀನಿ!"
"ಮಾತಾಡ್ತಿರಬೇಕು ಕಣೇ! ಮಾತಾಡದ ಪಾತ್ರ ಇದ್ದೂ ಇಲ್ಲ!"

೯-೨, ಭಾನುವಾರ
ವಿಷ್ಣುತೀರ್ಥ ಬಂದ! ಕಂಪನಿಯ ಪ್ರಾಂಪ್ಟರು — ಸೈಡ್‌ವಿಂಗಿನಲ್ಲಿ ಕೂತು, ಮರೆತವರಿಗೆ ಮಾತು ಎತ್ತಿಕೊಡುತ್ತಿದ್ದ ಪುಣ್ಯಾತ್ಮ. ಕಂಪನಿ ಮುಚ್ಚಿದ ಮೇಲೆ ಅಲೆದು ಸವೆದಿದ್ದಾನೆ. ಹಿಂದೆ ಮುಂದೆ ಯಾರೂ ಇಲ್ಲ. "ಇಲ್ಲೇ ಇರು! ಕೊನೇತನಕ ಇರು!" ಎಂದು ಗರ್ಜಿಸಿದೆ. ಬೀದಿಗೇ ಕೇಳಿತು. ಅವನು ತಲೆಯಾಡಿಸಿದ, ಅಷ್ಟೇ. ಹಳೆಯ ನಾಟಕಗಳನ್ನು ನೆನಪಿನಿಂದ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಾನೆ.
ಆಹಾ, ಆ ದಿನಗಳು... ದಾವಣಗೆರೆ ಕ್ಯಾಂಪು. ಹದಿನಾರರ ನಾನು, ಯುವರಾಜನ ಪಾತ್ರ. ತಗಡಿನ ಮರೆಯಲ್ಲಿ ಅವನ ಪುಟ್ಟ ಲಾಟೀನು, ಸೀಮೆಎಣ್ಣೆಯ ವಾಸನೆ. ಮಾತು ಮರೆತರೆ ಕಣ್ಣು ಆ ಬೆಳಕಿಗೇ ಓಡುತ್ತಿತ್ತು. ಯಜಮಾನರು ಎಲ್ಲ ದೀಪ ಆರಿಸಿಯಾರು, ಅದೊಂದನ್ನು ಮುಟ್ಟರು. ಮುಟ್ಟಿ ಆರಿಸಿದರೆಂದರೆ — ಪ್ರಾಂಪ್ಟರಿಗೆ ನಾಳೆಯಿಂದ ಕೆಲಸವಿಲ್ಲ. ಬಾಯಿಬಿಟ್ಟು ಹೇಳುವ ಪದ್ಧತಿಯೇ ಇರಲಿಲ್ಲ.

೧೮-೨, ಮಂಗಳವಾರ
ಹಜಾರದಲ್ಲಿ ಸದ್ದಿಲ್ಲ. ದೀಪ ಆರಿಸಿದೆ. ಅರ್ಧ ಗಂಟೆಯ ಮೇಲೆ ನಾಗಮಣಿ ಹಾಕಿದರೆ — ವಿಷ್ಣುತೀರ್ಥ! ತೆರೆದ ನೋಟ್‌ಬುಕ್ಕು, ಕೈಯಲ್ಲಿ ಪೆನ್ನು. "ಕೂಗಬಾರದೇನೋ?" ಎಂದೆ. ಸುಮ್ಮನೆ ನಕ್ಕ. ಇದು ಮೂರನೆಯ ಸಲವೆಂದು ನಾಗಮಣಿ ಹೇಳಿದಳು.

೧೯-೨, ಬುಧವಾರ
ಆಫೀಸಿನಿಂದ ಬಂದರೆ ಅವನಿಲ್ಲ. ಟ್ರಂಕೂ ಇಲ್ಲ.
"ಈಗ ತಾನೇ ಸ್ಟೇಷನ್ನಿಗೆ ಹೋದ್ರು. 'ಲಾಟೀನು ಆರಿಸಿಬಿಟ್ಟ, ತಾಯಿ' ಅಂದ್ರು. ನಮ್ಮನೇಲಿ ಲಾಟೀನು ಎಲ್ಲಿದೆ ರೀ?"
ಅಯ್ಯೋ, ಹಜಾರದ ದೀಪ! ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ, ಸರಿಯಾಗಿ ದೀಪದ ಕೆಳಗೆ, ಟ್ರಂಕಿನ ಮೇಲೆ ಕೂತು ಬರೆಯುತ್ತಿದ್ದಾನೆ!
"ವಿಷ್ಣುತೀರ್ಥಾ!" — ಎರಡೂ ಪ್ಲಾಟ್‌ಫಾರ್ಮಿನವರು ತಿರುಗಿದರು. ಮುಂದೆ? ಮಾತಿಲ್ಲ. ನನಗೆ! ಟ್ರೈನು ಬಂದು ನಿಂತಿತು. ಅವನು ಪೆನ್ನು ಮುಚ್ಚಿದ. ತಲೆಯೆತ್ತದೆ, ಅದೇ ಹಳೆಯ ಪಿಸುದನಿಯಲ್ಲಿ —
"'ತಪ್ಪಾಯಿತು, ಮನೆಗೆ ನಡಿ.' ಅಷ್ಟೇ ಕಣೋ. ಹೇಳು."
ಹೇಳಿದೆ. ದನಿ ಏಳಲಿಲ್ಲ. ಅವನಿಗಷ್ಟೇ ಕೇಳಿರಬೇಕು.
ಟ್ರೈನು ಹೋಯಿತು. ಟ್ರಂಕು ನನ್ನ ಹೆಗಲಿಗೆ ಬಂತು.

೨-೩, ಭಾನುವಾರ. ಸಂಜೆ
ಈಗ ಮನೆಗೆಲ್ಲ ಒಂದೇ ದೀಪ, ಹಜಾರದ್ದು. ಅದರಡಿಯಲ್ಲಿ ನಾಗಮಣಿ ಹುರುಳಿಕಾಯಿ ಹೆಚ್ಚುತ್ತಾಳೆ, ಅವನು ನಾಟಕ ಬರೆಯುತ್ತಾನೆ, ನಾನು ಇದನ್ನು. ಮನೆಯೊಡೆಯರ ಸುದ್ದಿಯೇ ಇಲ್ಲ.
ಇದೀಗ ಅವನ ಪೆನ್ನು ನಿಂತಿತು. ಯುವರಾಜನ ಕೊನೆಯ ಮಾತು ಮರೆತಿದ್ದಾನೆ. ಅವನು!
"ನಿನ್ನ ಪಾತ್ರ ಅಲ್ವೇನೋ? ಎತ್ತಿಕೊಡು. ಮೆಲ್ಲಗೆ — ಬೀದಿಗೆಲ್ಲ ಬೇಡ."
ಕಾಯುತ್ತಿದ್ದಾನೆ. ಮೊದಲ ಪದ ಬಂತು, ನಾಲಿಗೆ ತುದಿಗೇ —