ಬಲೂನಿಗೆ ಕ್ಷೌರ ಮಾಡಿದ ಕೈಗೆ ನಡುಕ ಕೊಟ್ಟವರಿಗೆ

ಸರ್ಕಾರಿ ಆಸ್ಪತ್ರೆಯ ಔಷಧ ಉಗ್ರಾಣದ ಅಧಿಕಾರಿಗಳೇ,

ನನ್ನ ಫಿಟ್ಸ್ ಮಾತ್ರೆ ಬದಲಾಯಿಸಲು ನಿಮಗೆ ಹೇಳಿದವರು ಯಾರು? ನನ್ನ ವೈದ್ಯರಂತೂ ಅಲ್ಲ. ನನ್ನ ಮಿದುಳಿನಲ್ಲಿ ಠಿಕಾಣಿ ಹೂಡಿರುವ ಗೆಡ್ಡೆಯೂ ಹೇಳಿರಲಾರದು. ಅದಕ್ಕೆ ಅಷ್ಟು ಸಣ್ಣ ಬುದ್ಧಿ ಇಲ್ಲ.

ನಾನು ಕ್ಷೌರಿಕ. ಕಲಿತದ್ದು ಹಳ್ಳಿ ಶಾಲೆಯಲ್ಲಿ. ಆದರೆ ಊದಿದ ಬಲೂನಿಗೆ ಸೋಪಿನ ನೊರೆ ಬಳಿದು, ಒಡೆಯದಂತೆ ಕತ್ತಿಯಲ್ಲಿ ಬೋಳಿಸಿ ತೋರಿಸಿದವನು. ಇಡೀ ಪೇಟೆಗೆ ನಾನು ಬಲೂನ್ ಮಾಮ. ಗೆಡ್ಡೆ ಕಂಡ ಮೇಲೆ ವೈದ್ಯರು ಕತ್ತಿ ಬಿಡಿಸಿದರು, ಕತ್ತರಿ ಉಳಿಸಿದರು. ಫಿಟ್ಸ್ ಬರುವ ಮೊದಲು ನನ್ನ ಬಾಯಿಯ ಎಡತುದಿ ಅದುರುತ್ತದೆ. ನನಗದು ತಿಳಿಯುವುದಿಲ್ಲ, ಕನ್ನಡಿಯಲ್ಲಿ ಗಿರಾಕಿಗೆ ಕಾಣುತ್ತದೆ. "ಮಾಮ, ಬಾಯಿ!" ಎಂದು ಕೂಗಿದರೆ ಸಾಕು, ಕತ್ತರಿ ಬದಿಗಿಟ್ಟು ನೆಲಕ್ಕೆ ಕೂರುತ್ತಿದ್ದೆ. ತಮ್ಮ ಕ್ರಾಪು ಬಿಟ್ಟು ಕ್ಷೌರಿಕನ ಮುಖ ಕಾಯುವ ಗಿರಾಕಿಗಳು ಬೇರೆಲ್ಲಾದರೂ ಇದ್ದರೆ ತೋರಿಸಿ!

ಹಳೆಯ ಮಾತ್ರೆಯೇನೂ ಅಮೃತವಲ್ಲ. ನುಂಗಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಚಹಾ ಆರಿದೆಯೆಂದು ಹೆಂಡತಿಯ ಮೇಲೆ ಕಿರುಚಿ, ಆಮೇಲೆ ನಾನೇ ಅಳುತ್ತಿದ್ದೆ. ಮಿದುಳಿನ ಊತ ಇಳಿಸುವ ಇನ್ನೊಂದು ಮಾತ್ರೆ ಮುಖವನ್ನು ಊದಿಸಿ ನನ್ನನ್ನೇ ಬಲೂನು ಮಾಡಿತು. ಎಲ್ಲ ಸಹಿಸಿದೆವು, ಯಾಕೆಂದರೆ ಕೈ ನನ್ನ ಮಾತು ಕೇಳುತ್ತಿತ್ತು.

ಹೀಗಿರುವಾಗ ನಿಮ್ಮ ಕಿಟಕಿಯಲ್ಲಿ ಹೆಂಡತಿಗೆ ಬೇರೆ ಮಾತ್ರೆ ಕೊಟ್ಟರು.

"ಇದಲ್ಲಪ್ಪ, ಬಿಳೀದು."

"ಅದು ಸ್ಟಾಕಿಲ್ಲಮ್ಮ. ಇದೂ ಫಿಟ್ಸಿಗೇನೆ. ನುಂಗೋದಕ್ಕೆ ಬಣ್ಣ ಯಾಕೆ?"

ಹೌದೇ, ಮಾನ್ಯರೇ? ಕತ್ತಿ ಸ್ಟಾಕಿಲ್ಲವೆಂದು ನಿಮ್ಮ ಗಡ್ಡವನ್ನು ಕುಡುಗೋಲಿನಲ್ಲಿ ಹೆರೆಯಲೇ? ಅದೂ ಕೊಯ್ಯುವುದಕ್ಕೇ ಇರುವುದಲ್ಲವೇ?

ಹೊಸ ಮಾತ್ರೆಗೆ ಕೈ ನಡುಗತೊಡಗಿತು. ಬಾಯಿ ಅದುರದೆಯೇ ಫಿಟ್ಸ್ ಬಂತು. ಕುರ್ಚಿಯಲ್ಲಿದ್ದವನು ಭಾವಮೈದುನ. ಕಣ್ಣು ಬಿಟ್ಟಾಗ ನನ್ನ ತಲೆ ಅವನ ತೊಡೆಯ ಮೇಲಿತ್ತು, ಅವನ ಕಿವಿಯಿಂದ ರಕ್ತ ಸೋರುತ್ತಿತ್ತು.

"ಬಿಡು ಭಾವ, ಇನ್ನೊಂದು ಕಿವಿ ಇದೆಯಲ್ಲ," ಎಂದ.

ಸುದ್ದಿ ಕೇಳಿ ಓಡಿಬಂದ ಹೆಂಡತಿ ನಗಲಿಲ್ಲ. ನೆಲದಲ್ಲಿದ್ದ ಕತ್ತರಿಯನ್ನು ಒರೆಸಿ ಸೆರಗಿನಲ್ಲಿ ಸುತ್ತಿಕೊಂಡು, "ಸಾಕು ಕಣ್ರೀ," ಎಂದಳು.

ಬಿಳಿ ಮಾತ್ರೆಯೇ ಬೇಕೆಂದು ವೈದ್ಯರು ನಿಮಗೆ ಬರೆದರು. "ಬರುತ್ತದೆ" ಎಂಬುದು ನಿಮ್ಮ ಉತ್ತರ. ಯಾವಾಗ? ನನಗಿಂತ ಮೊದಲೋ, ನಂತರವೋ? ಗೆಡ್ಡೆ ಇನ್ನು ಕರಗುವುದಿಲ್ಲವೆಂದು ವೈದ್ಯರು ಬಿಡಿಸಿ ಹೇಳಿಯಾಗಿದೆ. ನಾನು ಆಯುಷ್ಯ ಕೇಳುತ್ತಿಲ್ಲ. ಅದು ನಿಮ್ಮ ಉಗ್ರಾಣದಲ್ಲಿ ಇಲ್ಲವೆಂದು ಬಲ್ಲೆ. ಬಿಳಿ ಮಾತ್ರೆ ತರಿಸಿ. ಇರುವಷ್ಟು ಕಾಲ ಈ ಕೈ ನನ್ನದಾಗಿರಲಿ.

ನನ್ನ ಗಿರಾಕಿಗಳು ಬೇರೆ ಅಂಗಡಿಗೆ ಹೋಗಿಲ್ಲ. ಕೂದಲು ಕಿವಿ ಮುಚ್ಚಿದೆ, ಆದರೂ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಎಲ್ಲರೂ ಕನ್ನಡಿಯಲ್ಲಿ ನನ್ನ ಬಾಯನ್ನೇ ನೋಡುತ್ತಿರುತ್ತಾರೆ.

ಇಂತಿ,
ತನ್ನದೇ ಅಂಗಡಿಯಲ್ಲಿ ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟಿರುವ
ಬಲೂನ್ ಮಾಮ