ಕಿಟಕಿಯ ಕೆಂಪು ಬಟ್ಟೆ

ಗುಡ್ಡದ ಮೇಲಿನ ಮನೆ,
ನಾಲ್ಕನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಚೂಟಿ,

ಹೇಗಿದ್ದೀಯಮ್ಮ? ಕಿವಿನೋವು ವಾಸಿಯಾಯಿತೇ? ನೀರು ಸರಿಯಾಗಿ ಕುಡಿಯುತ್ತಿದ್ದೀಯಾ? ದಿನವಿಡೀ ನೀರೊಳಗೆ ಇರುವವಳಿಗೆ ನೀರು ಕುಡಿಯಲು ಬೇರೆ ಹೇಳಬೇಕೆಂದು ಮುಳುಗುವ ಕೆಲಸಕ್ಕೆಂದು ನೀನು ಬರೆದಿಟ್ಟ ನಿಯಮಗಳ ಪಟ್ಟಿ ಓದುವವರೆಗೂ ನನಗೆ ಗೊತ್ತಿರಲಿಲ್ಲ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಯಂತ್ರ ಮಾತ್ರ ಎರಡು ದಿನದಿಂದ ದಾರ ಕಡಿಯುತ್ತಿದೆ, ಅದಕ್ಕೂ ನನ್ನ ಹಾಗೇ ತಲೆ ಕೆಟ್ಟಿರಬೇಕು. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೇ ಈ ಕಾಗದ.

ಹದಿನೆಂಟರ ಶುಕ್ರವಾರ ಮಧ್ಯಾಹ್ನ ನೀರೊಳಗೆ ಹಡಗಿನ ತಳ ಉಜ್ಜುವ ಕೆಲಸ ಮುಗಿಯುತ್ತದೆ ಎಂದವಳು ನೀನೇ. ಅಂದು ಸಂಜೆಯ ವಿಮಾನಕ್ಕೆ ನಾನು ಟಿಕೆಟ್ ತೆಗೆಸಿದೆ. ಮರುದಿನ ಬೆಳಿಗ್ಗೆ ಅಪ್ಪನ ಎಡಭುಜದ ಆಪರೇಷನ್, ಮಗಳು ಪಕ್ಕದಲ್ಲಿರಲಿ ಎಂದು ಬಯಸಿದ್ದು ತಪ್ಪೇ? ನೀನೋ, "ಅಮ್ಮಾ, ನೀರಿಂದ ಎದ್ದ ದಿನಾನೇ ವಿಮಾನ ಹತ್ತೋಕಾಗಲ್ಲ, ಒಂದು ದಿನ ಪೂರ್ತಿ ಕಳೀಬೇಕು" ಎಂದೆ. ಎಲ್ಲಿಯ ನೀರು, ಎಲ್ಲಿಯ ವಿಮಾನ! "ಅಪ್ಪನಿಗಿಂತ ನಿನ್ನ ಕೆಲಸಾನೇ ಹೆಚ್ಚಾಯ್ತಾ?" ಎಂದು ಫೋನ್ ಕುಕ್ಕಿದೆ. ಆ ಮಾತು ಆಡಬಾರದಿತ್ತು.

ಆಮೇಲೆ, ಹಿಂದಿನ ಸಲ ನೀನು ಫ್ರಿಜ್ ಬಾಗಿಲಿಗೆ ಅಂಟಿಸಿ ಹೋದ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ನಾಲ್ಕು ಸಲ ಓದಿದೆ. ಆಳದಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಕರಗುತ್ತದಂತೆ. ನಿಧಾನಕ್ಕೆ ಮೇಲೆ ಬಂದರೆ ಉಸಿರಿನಲ್ಲೇ ಹೊರಗೆ ಹೋಗುತ್ತದಂತೆ, ಅವಸರ ಮಾಡಿದರೆ ಗುಳ್ಳೆಯಾಗಿ ಕೀಲುಗಳಲ್ಲಿ ಕೂರುತ್ತದಂತೆ. ಅದಕ್ಕೇ ಮೇಲೆ ಬರುವಾಗ ಐದು ಮೀಟರ್ ಆಳದಲ್ಲಿ ಹಗ್ಗ ಹಿಡಿದು ಮೂರು ನಿಮಿಷ ಸುಮ್ಮನೆ ನಿಲ್ಲಬೇಕಂತೆ. ಆಯಿತು, ಒಪ್ಪಿದೆ. ಅದರ ಮುಂದಿನದು ಓದುತ್ತಾ ನನಗೆ ತಲೆಬುಡ ತಿಳಿಯದಾಯಿತು. ನೀರಿಂದ ಎದ್ದ ಕೂಡಲೇ ಬಿಸಿನೀರಿನ ಸ್ನಾನ ಬೇಡ, ಮೈ ತಿಕ್ಕಿಸಿಕೊಳ್ಳುವುದು ಬೇಡ, ಎತ್ತರದ ಜಾಗಕ್ಕೆ ಹೋಗುವುದು ಬೇಡ. ಅಯ್ಯೋ ಮಾರಾಯ್ತಿ, ಬೇಡವೆಂದದ್ದೆಲ್ಲ ನಮ್ಮ ಮನೆಯ ದಿನಚರಿಯಲ್ಲವೇ! ಅಪ್ಪ ಬಂದರಿನಲ್ಲಿ ಮುಳುಗುವ ಕೆಲಸ ಮಾಡಿದ ಇಪ್ಪತ್ತು ವರ್ಷವೂ ಕೆಲಸ ಮುಗಿಸಿದವರು ನೇರ ಈ ಗುಡ್ಡ ಹತ್ತಿ ಬರುತ್ತಿದ್ದರು. ನಾನು ಬಕೆಟ್ ತುಂಬ ಹೊಗೆಯಾಡುವ ನೀರು ಇಡುತ್ತಿದ್ದೆ, ಭುಜ ಹಿಡಿದಿದೆ ಎಂದರೆ ಬಿಸಿ ಎಣ್ಣೆ ಹಚ್ಚಿ ನನ್ನ ಕೈ ಸೋಲುವವರೆಗೆ ತಿಕ್ಕುತ್ತಿದ್ದೆ. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ಇನ್ನು ಆ ಕೆಂಪು ಬಟ್ಟೆ. ನಿನಗೆ ನೆನಪಿದೆಯಲ್ಲ, ಅಡುಗೆ ಆದ ಕೂಡಲೇ, ಅಪ್ಪ ಊಟಕ್ಕೆ ಬರಲಿ ಎಂದು ನಾನು ಬಂದರಿನ ಕಡೆಯ ಕಿಟಕಿಗೆ ನೇತುಹಾಕುತ್ತಿದ್ದೆನಲ್ಲ? "ಅಮ್ಮಾವ್ರ ಬಾವುಟ ಹಾರ್ತು!" ಎಂದು ದೋಣಿಯವರು ನಗುತ್ತಿದ್ದರು. ಊಟ ಆರಿದರೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ಈಗ ಡಾಕ್ಟರು ಭುಜದ ಮೂಳೆಯ ತುದಿ ಸತ್ತಿದೆ, ನೀರಿನ ಕೆಲಸ ಮಾಡಿದವರಲ್ಲಿ ಇದನ್ನು ಕಂಡಿದ್ದೇನೆ ಎನ್ನುತ್ತಾರೆ. ಅಪ್ಪ ಮಾತ್ರ "ವಯಸ್ಸಾಯ್ತು ಬಿಡೇ" ಎನ್ನುತ್ತಾರೆ. ಯಾರನ್ನು ನಂಬಲಿ? ಇದು ನನ್ನಿಂದಲೇ ಆಯಿತೇ ಚೂಟಿ? ನೀನು ಓದಿದವಳು, ಸಮಾಧಾನಕ್ಕೆಂದು ಸುಳ್ಳು ಹೇಳಬೇಡ.

ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ನೀನು ನೀರಿಗಿಳಿದಾಗ ದೋಣಿಯಲ್ಲಿ ನಿನ್ನ ಹಗ್ಗ ಹಿಡಿಯುವವನು ಚುರುಕಾಗಿರದೆ ತಾಳ್ಮೆಯವನಾಗಿರಲಿ ಎಂಬುದೇ ನನ್ನ ಆಶೀರ್ವಾದ.

ನಿನ್ನ,
ಅಮ್ಮ

ಇನ್ನೊಂದು ಮಾತು: ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಬಂದು ಕಾಗದ ಓದಿಬಿಟ್ಟರು. ಕಾಗದ ಮಡಚಿ ನನ್ನ ಕೈಗಿಟ್ಟರು. ಆಮೇಲೆ, "ಬಟ್ಟೆ ಕಂಡ ಕೂಡ್ಲೇ ದೋಣಿಯವನು ಮೇಲೆ ಬಾ ಅಂತ ಹಗ್ಗ ಜಗ್ತಿದ್ದ. ಮೂರು ನಿಮಿಷ ನಿಲ್ಲಬೇಕು ಅಂತ ನಂಗೆ ಗೊತ್ತಿತ್ತು ಕಣೇ. ನೀನು ಕಾಯ್ತಿದ್ದೀಯಲ್ಲ ಅಂತ ಬಂದ್ಬಿಡ್ತಿದ್ದೆ" ಎಂದರು. ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಇಪ್ಪತ್ತೆರಡರ ಮಂಗಳವಾರಕ್ಕೆ ಹಾಕಿಸಿದ್ದಾರೆ. ನಾನು ಶುಕ್ರವಾರದ ಟಿಕೆಟ್ ರದ್ದು ಮಾಡಿಸಿದೆ. ಭಾನುವಾರ ಬಾ. ಊಟ ಆರಿದರೆ ಆರಲಿ.